ಅಮ್ಮ ಕೇಳಿಸಿಕೊಂಡ ‘ದಿ ಫ್ಯುಜಿಟಿವ್’

ಅಮೆರಿಕದ ಚಳಿಗಾಲದಲ್ಲಿ ಊರಿಂದ ಬಂದ ಅಪ್ಪ-ಅಮ್ಮಂದಿರಿಗೆ ಹೊತ್ತು ಹೋಗುವುದೇ ಕಷ್ಟ. ಹೊರಗೆ ಹಿಮ. ಕಾರು ಓಡಿಸೋಕೆ ಬರಲ್ಲ. ಅಕ್ಕಪಕ್ಕದವರ ಮುಖ ನೋಡಬೇಕೆಂದರೆ ಏಪ್ರಿಲ್‌ವರೆಗೆ ಕಾಯಬೇಕು. 2008ರ ಕೊನೆಗೆ ಅಮ್ಮ ನಮ್ಮ ಮನೆಗೆ, ಇಂಡಿಯಾನಾಕ್ಕೆ, ಬಂದಾಗ ಅವಳನ್ನು ಊರಿನ ಲೈಬ್ರರಿಗೆ ಕರೆದುಕೊಂಡು ಹೋದೆ. ಅಲ್ಲಿ ಡಿವಿಡಿಗಳನ್ನೂ ಪುಸ್ತಕದ ಹಾಗೇ ಪುಕ್ಕಟೆ ಕೊಡುತ್ತಾರೆ. ಅಮ್ಮ ಒಂದು ಡಬ್ಬಿ ಎತ್ತಿಕೊಂಡಳು. “ಇದು ಕಪ್ಪುಬಿಳುಪು ಕಣೋ. ಸೊಸೆ ಎದುರಿಗೆ ಕೂತು ಧೈರ್ಯವಾಗಿ ನೋಡಬಹುದು.”

ಅದು ‘ದಿ ಫ್ಯುಜಿಟಿವ್’. 1993ರ ಹ್ಯಾರಿಸನ್ ಫೋರ್ಡ್ ಸಿನಿಮಾ ನೋಡಿದವರಿಗೆ ಕಥೆ ಗೊತ್ತು. ಅದಕ್ಕೂ ಮುಂಚೆ, 1963ರಿಂದ 1967ರವರೆಗೆ, ಎಬಿಸಿ ಚಾನೆಲ್‌ನಲ್ಲಿ ಪ್ರತಿ ಮಂಗಳವಾರ ರಾತ್ರಿ ಬರುತ್ತಿದ್ದ ಧಾರಾವಾಹಿ ಇದು. ಒಟ್ಟು 120 ಕಂತು. ಮೊದಲ ಮೂರು ಸೀಸನ್ ಕಪ್ಪುಬಿಳುಪು, ಕೊನೆಯದು ಮಾತ್ರ ಬಣ್ಣದ್ದು. ಹೆಂಡತಿಯನ್ನು ಕೊಂದ ಆರೋಪದ ಮೇಲೆ ಡಾಕ್ಟರ್ ರಿಚರ್ಡ್ ಕಿಂಬಲ್‌ಗೆ ಮರಣದಂಡನೆ ಆಗಿರುತ್ತದೆ. ಜೈಲಿಗೆ ಒಯ್ಯುವ ರೈಲು ಹಳಿ ತಪ್ಪಿ, ಅವನು ತಪ್ಪಿಸಿಕೊಳ್ಳುತ್ತಾನೆ. ನಿಜವಾದ ಕೊಲೆಗಾರನಿಗೆ ಒಂದೇ ಕೈ. ಅವನನ್ನು ಇವನು ಹುಡುಕಬೇಕು, ಇವನನ್ನು ಪೊಲೀಸ್ ಲೆಫ್ಟಿನೆಂಟ್ ಜೆರಾರ್ಡ್ ಹುಡುಕುತ್ತಾನೆ. ಕಂತಿಗೊಂದು ಊರು, ಊರಿಗೊಂದು ಸುಳ್ಳು ಹೆಸರು, ಕೈಗೆ ಸಿಕ್ಕಿದ ಕೂಲಿ ಕೆಲಸ. ಡಾಕ್ಟರನ ಊರು ಇಂಡಿಯಾನಾದ ಸ್ಟಾಫರ್ಡ್ ಅಂತ ಬರುತ್ತದೆ. “ಇಲ್ಲೇ ಹತ್ರಾನಾ? ಭಾನುವಾರ ಹೋಗಿ ಬರೋಣ್ವಾ?” ಅಂದಳು ಅಮ್ಮ. ಅಂಥ ಊರೇ ಇಲ್ಲ, ಕಥೆಗೆ ಕಟ್ಟಿದ್ದು ಅಂದಾಗ ಸ್ವಲ್ಪ ಸಪ್ಪಗಾದಳು.

ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಮೊದಮೊದಲು ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಿದ್ದೆ. ಆಮೇಲೆ, “ನೀನು ಸುಮ್ನಿರು, ಗೊತ್ತಾಗುತ್ತೆ” ಅಂತ ಬಾಯಿ ಮುಚ್ಚಿಸಿದಳು. ನಿಜವಾಗಿಯೂ ಗೊತ್ತಾಗುತ್ತಿತ್ತು! ಕಿಂಬಲ್ ಪಾತ್ರ ಮಾಡಿದ ಡೇವಿಡ್ ಜ್ಯಾನ್ಸೆನ್ ಮಾತಾಡುವುದೇ ಕಮ್ಮಿ. ತುಟಿಯ ಒಂದು ಮೂಲೆ ಅಲುಗಿಸಿ ಅರ್ಧ ನಗುತ್ತಾನೆ, ನಗು ಮುಗಿಯುವ ಮುಂಚೆ ಕಣ್ಣು ಬಾಗಿಲ ಕಡೆ ಹೋಗಿರುತ್ತದೆ. ಮಿಕ್ಕಿದ್ದನ್ನು ಹಿನ್ನೆಲೆ ಸಂಗೀತ ಹೇಳುತ್ತದೆ. ಪೀಟ್ ರುಗೊಲೊ ಈ ಧಾರಾವಾಹಿಗೆ ಅಂತಲೇ ಒಂದಷ್ಟು ತುಣುಕು ಮಾಡಿಕೊಟ್ಟಿದ್ದರು. ಅವನ್ನೂ, ಸಂಗೀತ ಲೈಬ್ರರಿಗಳಿಂದ ತಂದ ಹಳೆಯ ತುಣುಕುಗಳನ್ನೂ, ಸನ್ನಿವೇಶಕ್ಕೆ ತಕ್ಕಂತೆ ಕಂತಿನಿಂದ ಕಂತಿಗೆ ಮತ್ತೆ ಮತ್ತೆ ಬಳಸುತ್ತಿದ್ದರು. ಹಾಗಾಗಿ ಅಮ್ಮನಿಗೆ ಎಲ್ಲ ಬಾಯಿಪಾಠವಾಗಿ ಹೋಯಿತು. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಾ, ಟೀವಿ ಕಡೆ ತಿರುಗದೆಯೇ, “ಪೊಲೀಸ್ ಬಂದ ನೋಡು” ಅನ್ನುತ್ತಿದ್ದಳು. ಬಂದಿರುತ್ತಿದ್ದ.

ಮೊದಲ ಸೀಸನ್ ಮುಗಿಯಿತು. ಒಂದು ಶನಿವಾರ ಎರಡನೆಯ ಸೀಸನ್ನಿನ ಮೊದಲ ಡಬ್ಬಿ ತಂದೆ. ಗಾಲಿಕುರ್ಚಿಯಲ್ಲಿ ಕೂತ ಕಾನೂನು ಮೇಷ್ಟ್ರೊಬ್ಬರ ಕಥೆ. ಕಿಂಬಲ್‌ನ ಕೇಸು ನಾನಾಗಿದ್ದರೆ ಗೆಲ್ಲುತ್ತಿದ್ದೆ ಅನ್ನುವ ಮನುಷ್ಯ. ವಿದ್ಯಾರ್ಥಿಗಳ ಕೈಯಲ್ಲಿ ಅದೇ ಕೇಸನ್ನು ಅಣಕು ಕೋರ್ಟಿನಲ್ಲಿ ಮತ್ತೆ ನಡೆಸುತ್ತಾರೆ. ಎಡ್ ಬೆಗ್ಲಿ ಅಂತ ನಟ, ಏನು ಗತ್ತು ಅಂತೀರಿ! ನಾನು ಮುಳುಗಿಹೋಗಿದ್ದೆ. ಅಮ್ಮ ಮಾತ್ರ ಅತ್ತಿತ್ತ ಸರಿದಾಡುತ್ತಿದ್ದಳು.

“ಇದೇನೋ ಇದು? ಬೇರೆ ಯಾರೋ ಬಾರಿಸ್ತಿದಾರಲ್ಲ.”

“ಅದೇ ಅಮ್ಮ, ಶುರುವಿನಲ್ಲಿ ಕೇಳಲಿಲ್ವಾ?”

“ಶುರುವಿಂದು ಅದೇ. ಒಳಗಡೆದು ಬೇರೆ. ಇದು ಕೀಬೋರ್ಡು. ಆಗ ಇದೆಲ್ಲಿತ್ತು?”

ಹಿಂದಿನ ಡಬ್ಬಿಯಲ್ಲಿ ಕಂಚಿನ ತುತ್ತೂರಿಗಳು, ಡ್ರಮ್ಮು ಎಲ್ಲ ಸೇರಿ ಬೆನ್ನಟ್ಟಿ ಬರುತ್ತಿದ್ದವು. ಇಲ್ಲಿ ಆ ಜಾಗದಲ್ಲಿ ಏನೋ ಒಂದು ಉದ್ದಕ್ಕೆ ಗುಂಯ್‌ಗುಡುತ್ತಿತ್ತು. ಅಮ್ಮ ಸೆರಗು ಕೊಡವಿಕೊಂಡು ಎದ್ದೇಬಿಟ್ಟಳು. ಅವಳಿಗೆ ಅರ್ಥವಾಗುತ್ತಿದ್ದ ಭಾಷೆಯನ್ನೇ ತೆಗೆದು, ಅರ್ಥವಾಗದ ಇಂಗ್ಲಿಷನ್ನು ಮಾತ್ರ ಉಳಿಸಿದ್ದರು.

ನೆಟ್‌ನಲ್ಲಿ ಹುಡುಕಿದರೆ, ಅಮ್ಮ ಒಬ್ಬಳೇ ಅಲ್ಲ, ಅಮೆರಿಕದ ಹಳೆ ತಲೆಗಳೆಲ್ಲ ಕಿಡಿಕಿಡಿಯಾಗಿದ್ದರು. ಆ ಡಬ್ಬಿ 2008ರ ಜೂನ್‌ನಲ್ಲಿ ಬಂದಿತ್ತು. ಸಂಗೀತದ ಹಕ್ಕು ಯಾರದು, ಯಾರಿಗೆ ಎಷ್ಟು ಕೊಡಬೇಕು ಅನ್ನುವ ತಲೆನೋವು ಬೇಡವೆಂದು ಹಿನ್ನೆಲೆ ಸಂಗೀತದ ಬಹುಪಾಲನ್ನು ಕಿತ್ತು, ಸಿಂಥಸೈಜರ್ ಅನ್ನುವ ಎಲೆಕ್ಟ್ರಾನಿಕ್ ಕೀಬೋರ್ಡಿನಲ್ಲಿ ಹೊಸದಾಗಿ ಮಾಡಿಸಿ ತುಂಬಿದ್ದರು. 1964ರಲ್ಲಿ ಟೀವಿಗೆ ಅಂತ ಸಹಿ ಹಾಕಿದ ಕಾಗದಗಳಲ್ಲಿ, ಮುಂದೊಂದು ದಿನ ಜನ ಇದನ್ನು ಅಂಗಡಿಯಲ್ಲಿ ಕೊಂಡು ಮನೆಗೆ ಒಯ್ಯುತ್ತಾರೆ ಅಂತ ಯಾರು ಬರೆದಿರುತ್ತಾರೆ? ಅಷ್ಟು ಒಪ್ಪುತ್ತೇನೆ. ಆದರೆ ಹಕ್ಕಿನ ತಕರಾರಿಲ್ಲದ ತುಣುಕುಗಳನ್ನೂ ಸಾರಾಸಗಟಾಗಿ ಎಸೆದದ್ದು ಸೋಮಾರಿತನ ಅಂತಲೇ ನನಗೆ ಅನ್ನಿಸುತ್ತದೆ. ಗಲಾಟೆ ಜೋರಾದ ಮೇಲೆ ಮುಂದಿನ ಡಬ್ಬಿಗಳಲ್ಲಿ ಸರಿಮಾಡಿದರು. 2011ರ ಪೂರ್ತಿ ಸೆಟ್ಟಿನಲ್ಲಿ ಹಳೆಯ ಸಂಗೀತ ಬಹುಮಟ್ಟಿಗೆ ವಾಪಸ್ ಬಂತು. ಅಷ್ಟರಲ್ಲಿ ಅಮ್ಮ ಊರು ಸೇರಿ ಎಷ್ಟೋ ಕಾಲವಾಗಿತ್ತು.

ಆ ಶನಿವಾರ ಡಿಸ್ಕು ತೆಗೆದಿಟ್ಟು ಕಾಫಿ ಮಾಡಿಕೊಂಡು ಕೂತೆವು. “ಕೊನೆಗೆ ಏನಾಗುತ್ತೆ, ಬಾಯಲ್ಲೇ ಹೇಳಿಬಿಡು” ಅಂದಳು. ಹೇಳಿದೆ. 1967ರ ಆಗಸ್ಟ್ 29ರ ರಾತ್ರಿ, ಟೀವಿ ಹಾಕಿದ್ದ ಮನೆಗಳಲ್ಲಿ ನೂರಕ್ಕೆ 72 ಮನೆ ಇದನ್ನೇ ನೋಡುತ್ತಿದ್ದವಂತೆ. ಒಂಟಿಕೈಯವನು ಮೋಜಿನ ಪಾರ್ಕಿನ ಗೋಪುರದ ಮೇಲೆ ತಪ್ಪು ಒಪ್ಪಿಕೊಳ್ಳುತ್ತಾನೆ. ಜೆರಾರ್ಡ್ ಕೆಳಗಿಂದ ಗುಂಡು ಹಾರಿಸುತ್ತಾನೆ. ಆದರೆ ಒಪ್ಪಿಕೊಂಡದ್ದನ್ನು ಕೇಳಿದವನು ಕಿಂಬಲ್ ಒಬ್ಬನೇ. ಕೊನೆಗೆ ನೆರೆಮನೆಯವನು ಬಾಯಿ ಬಿಡುತ್ತಾನೆ. ಕೊಲೆ ನಡೆದ ರಾತ್ರಿ ಅವನು ಆ ಮನೆಯಲ್ಲೇ ನಿಂತು ಎಲ್ಲ ನೋಡಿರುತ್ತಾನೆ. ತಾನು ಹೆದರಿ ನಿಂತದ್ದು ಊರಿಗೆಲ್ಲ ಗೊತ್ತಾಗುತ್ತದೆಂಬ ನಾಚಿಕೆಗೆ ಇಷ್ಟು ವರ್ಷ ಸುಮ್ಮನಿದ್ದ.

ಒಂಟಿಕೈಯವನು ಸತ್ತದ್ದು ಅಮ್ಮನಿಗೆ ಮುಖ್ಯವೇ ಆಗಲಿಲ್ಲ. “ಪಕ್ಕದ ಮನೇಲೇ ಇದ್ದನಾ, ಪಾಪಿ? ಅವನಿಗೇನು ಶಿಕ್ಷೆ ಕೊಟ್ರು?” ಅಂದಳು. ಏನೂ ಕೊಡಲಿಲ್ಲ ಅಂದೆ. “ಹಾಗಾದ್ರೆ ಕಥೆ ಸರಿಯಾಗಿ ಮುಗಿಸಿಲ್ಲ ಬಿಡು” ಅಂದು ಲೋಟ ತೊಳೆಯೋಕೆ ಎದ್ದಳು.