ನುಡಿಯಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆ

ಇವತ್ತು ಹತ್ತನೇ ಕ್ಲಾಸಿನ ವಿಜ್ಞಾನದ ಕಿರುಪರೀಕ್ಷೆಯೊಂದು ಗೂಗಲ್ ಫಾರ್ಮ್‌ನಲ್ಲಿ ಬಂತು. ಪ್ರಶ್ನೆಗಳ ಜಾಗದಲ್ಲಿ ಕೊಂಬು ಬಾಲ ಹಚ್ಚಿಕೊಂಡ ಇಂಗ್ಲಿಷ್ ಅಕ್ಷರಗಳು.

ಇದನ್ನು ನೋಡಿ "ಮೇಷ್ಟ್ರಿಗೆ ಕಂಪ್ಯೂಟರ್ ಬರಲ್ಲ" ಅನ್ನೋರಿದ್ದಾರೆ. ತಪ್ಪು ಮಾತು. ವರ್ಷಗಟ್ಟಲೆ 'ನುಡಿ' ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಚಕಚಕ ಟೈಪ್ ಮಾಡಿದ ಕೈ ಅದು.

ಹಳೆಯ ಫೈಲಿನೊಳಗೆ ಇರೋದು ಕನ್ನಡದ ಸಂಕೇತಗಳೇ ಅಲ್ಲ. ಫಾಂಟ್ ಅವುಗಳಿಗೆ ಕನ್ನಡದ ರೂಪ ಕೊಡುತ್ತೆ, ಅಷ್ಟೇ. ಮಕ್ಕಳ ಮೊಬೈಲಿನಲ್ಲಿ ಆ ಫಾಂಟ್ ಎಲ್ಲಿಂದ ಬರಬೇಕು?

ಹಳೆಯ ಫೈಲನ್ನು ಪರಿವರ್ತಕ ತಂತ್ರಾಂಶದಲ್ಲಿ ಹಾಕಿ ಯೂನಿಕೋಡ್, ಅಂದರೆ ಮೊಬೈಲುಗಳಿಗೂ ಅರ್ಥವಾಗುವ ಕನ್ನಡದ ಸಂಕೇತ, ಮಾಡಿಕೊಳ್ಳಿ. ಆದರೆ ಇಡೀ ಪುಟ ಒಟ್ಟಿಗೆ ಬೇಡ. ನಡುವೆ ಇರುವ ರಾಸಾಯನಿಕ ಸೂತ್ರ, ಇಂಗ್ಲಿಷ್ ಪದ ಎಲ್ಲವನ್ನೂ ಅದು ಕನ್ನಡ ಅಂದುಕೊಂಡು ಕಲಸಿಬಿಡುತ್ತೆ. ಕನ್ನಡದ ಸಾಲುಗಳನ್ನಷ್ಟೇ ಹಾಕಿ, ಸೂತ್ರವನ್ನು ಕೈಯಲ್ಲಿ ಸೇರಿಸಿ. ಆಮೇಲೆ ಅರ್ಕಾವತ್ತು, ಒತ್ತಕ್ಷರ ಒಮ್ಮೆ ಕಣ್ಣಾಡಿಸಿ. 'ವರ್ಗ', 'ಸೂರ್ಯ' ಥರದ ಪದಗಳಲ್ಲೇ ಹೆಚ್ಚು ಎಡವಟ್ಟಾಗೋದು.

ಹೊಸ ಪತ್ರಿಕೆಯಾದರೆ ಈ ಕಷ್ಟವೇ ಇಲ್ಲ. ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ. ಕೀಲಿಗಳು ಅವೇ, ಬೆರಳಿಗೆ ಹೊಸದಾಗಿ ಕಲಿಸೋದು ಏನೂ ಇಲ್ಲ.

2017ರಲ್ಲಿ ದೀಕ್ಷಾ ಅನ್ನೋ ಸರ್ಕಾರಿ ಆನ್‌ಲೈನ್ ಕಲಿಕಾ ವೇದಿಕೆ ಬಂತು, ಆಮೇಲೆ ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ಬಂತು. ಮೇಷ್ಟ್ರುಗಳ ತರಬೇತಿಯಲ್ಲಿ ಅದನ್ನೆಲ್ಲ ತೋರಿಸ್ತಾರೆ, ಒಳ್ಳೇದೇ. ಅದರ ಜೊತೆ ಈ ಅರ್ಧ ಗಂಟೆಯ ಪಾಠವನ್ನೂ ಸೇರಿಸಿ ಅಂತ ನನ್ನ ಕಳಕಳಿ. ಮೇಷ್ಟ್ರುಗಳ ಪೆನ್‌ಡ್ರೈವ್‌ನಲ್ಲಿ ಎಷ್ಟೋ ವರ್ಷದ ಒಳ್ಳೊಳ್ಳೆ ಪ್ರಶ್ನೆಗಳು ಕೂತಿವೆ.

ಫಾರ್ಮ್ ಕಳಿಸೋ ಮುಂಚೆ ನುಡಿ ಇಲ್ಲದ ಯಾವುದಾದರೂ ಮೊಬೈಲಿನಲ್ಲಿ ತೆರೆದು ನೋಡಿ.