ಮಂಡ್ಯದ ರೈಲಿನಲ್ಲಿ ಒಂದು ಕಾದಂಬರಿ

ಮೈಸೂರಿನಿಂದ ಮಂಡ್ಯಕ್ಕೆ ಪಾಸ್ ಮಾಡಿಸಿಕೊಂಡು ದಿನಾ ಓಡಾಡುವವರು ರೈಲಿನಲ್ಲಿ ಸುಮ್ಮನೆ ಕೂರುವುದಿಲ್ಲ. ಕೆಲವರು ಹೂ ಕಟ್ಟುತ್ತಾರೆ, ಅವರೆಕಾಯಿ ಕಾಲದಲ್ಲಿ ಕಾಯಿ ಸುಲಿಯುತ್ತಾರೆ, ಇನ್ನು ಕೆಲವರು ಕಿಟಕಿಗೆ ತಲೆಯಾನಿಸಿ ಅರೆಬರೆ ಉಳಿದ ನಿದ್ದೆ ಮುಗಿಸುತ್ತಾರೆ. ನಾನು ಓದುತ್ತೇನೆ. ಪತ್ತೇದಾರಿ, ಸಾಮಾಜಿಕ, ವಾರಪತ್ರಿಕೆಯ ಧಾರಾವಾಹಿ, ಇಂಗ್ಲಿಷಿನಲ್ಲಿ ಬರೆಯುವ ನಮ್ಮವರ ಜನಪ್ರಿಯ ಕಾದಂಬರಿ, ಯಾವುದಾದರೂ ಸರಿ. ಮುಂದೇನಾಯಿತು ಎಂದು ಕಾಡಬೇಕು, ಅಷ್ಟೇ. ಇಂಥ ಓದಿನ ಬಗ್ಗೆ ಮೂಗು ಮುರಿಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ಅಡುಗೆಮನೆಯ ಕೆಲಸ ಮುಗಿಸಿ ರಾತ್ರಿ ಹತ್ತರ ಮೇಲೆ ಪುಸ್ತಕ ಹಿಡಿಯುತ್ತಿದ್ದ ನನ್ನ ಅಮ್ಮನಂಥ ಎಷ್ಟೋ ಹೆಂಗಸರಿಗೆ ಓದಿನ ರುಚಿ ಹತ್ತಿಸಿದ್ದು ಈ ಕಾದಂಬರಿಗಳೇ.

ಆ ದಿನ ನನ್ನ ಕೈಯಲ್ಲಿದ್ದದ್ದು ವಿಕಾಸ್ ಸ್ವರೂಪ್ ಅವರ ‘ಕ್ಯೂ ಅಂಡ್ ಎ’. 2005ರಲ್ಲಿ ಬಂದ ಕಾದಂಬರಿ, ‘ಸ್ಲಂಡಾಗ್ ಮಿಲಿಯನೇರ್’ ಸಿನಿಮಾಕ್ಕೆ ಮೂಲ. ಅನಾಥ ಹುಡುಗರಿಗೆ ಸೂರದಾಸರ ಭಜನೆ ಕಲಿಸಿ, ಅವರನ್ನು ಕುರುಡರನ್ನಾಗಿಸಿ ಮುಂಬೈಯಲ್ಲಿ ಭಿಕ್ಷೆಗೆ ಬಿಡುವ ದುರುಳರ ಕೂಟವೊಂದು ಅದರಲ್ಲಿ ಬರುತ್ತದೆ. ಓದುವಾಗ ಮೈ ಜುಮ್ಮೆನ್ನುತ್ತದೆ. ಆ ಭಾಗ ಮುಗಿಸಿ ಇನ್ನೂ ಒಂದು ದಿನವೂ ಆಗಿರಲಿಲ್ಲ.

ನಾಗನಹಳ್ಳಿ ದಾಟುತ್ತಿದ್ದಂತೆ ಹಾಡು ಕೇಳಿಸಿತು. ಆಗಾಗ ಬರುವ ದಂಪತಿ. ಗಂಡನಿಗೆ ಕಣ್ಣು ಕಾಣಿಸುವುದಿಲ್ಲ. ಎಡಗೈ ಹೆಂಡತಿಯ ಹೆಗಲ ಮೇಲೆ, ಬಲಗೈಯಲ್ಲಿ ಮೈಕು, ಎದೆಯ ಮೇಲೆ ನೇತುಹಾಕಿಕೊಂಡ ಪುಟ್ಟ ಸ್ಪೀಕರ್. ಹೆಂಡತಿ ಸ್ಟೀಲಿನ ಡಬ್ಬಿಯನ್ನು ಯಾರ ಮುಖಕ್ಕೂ ಚಾಚದೆ ಸೊಂಟದ ಮಟ್ಟದಲ್ಲಿ ಹಿಡಿದು ನಡೆಯುತ್ತಾರೆ. ಅವರು ಹಾಡುವುದು ದಾಸರ ಪದ. ಶ್ರುತಿ ಎಲ್ಲಿಯೂ ಜಾರುವುದಿಲ್ಲ. ಡಬ್ಬಿಗೆ ಹತ್ತು ರೂಪಾಯಿ ಹಾಕಿದೆ.

ಎದುರಿಗೆ ಕುಳಿತಿದ್ದ ಹಿರಿಯರು, ಅವರೂ ಪಾಸಿನವರೇ, ತಡೆಯಲಾರದೆ ಹೇಳಿದರು: “ಯಾಕೆ ಕೊಡುತ್ತೀರಿ ಮೇಡಂ? ಸಂಜೆಗೆ ಅಷ್ಟೂ ಹೋಗಿ ಯಾವನೋ ಒಬ್ಬನ ಜೇಬು ಸೇರುತ್ತದೆ. ನಿಮ್ಮ ಪುಸ್ತಕದಲ್ಲೇ ಇದೆಯಲ್ಲ, ನಾನೂ ಸಿನಿಮಾ ನೋಡಿದ್ದೇನೆ. ಸಾಲದ್ದಕ್ಕೆ ನಾವು ತೆರಿಗೆ ಬೇರೆ ಕಟ್ಟುತ್ತೇವೆ.”

ತೆರಿಗೆಯ ಮಾತು ನಿಜ. ಮನೆ ಕಂದಾಯದ ರಸೀದಿಯನ್ನು ಗಮನವಿಟ್ಟು ನೋಡಿದವರಿಗೆ ಗೊತ್ತಿರುತ್ತದೆ. ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಂತೆ ವಸೂಲಾಗುವ ಈ ಹಣ ನಿರಾಶ್ರಿತರ ಪರಿಹಾರ ಕೇಂದ್ರಗಳಿಗೆ ಹೋಗಬೇಕು. ಪುಸ್ತಕಕ್ಕೂ ಭಿಕ್ಷುಕರಿಗೂ ಒಂದೇ ರಸೀದಿಯಲ್ಲಿ ದುಡ್ಡು ಕೊಡುವ ರಾಜ್ಯ ನಮ್ಮದು ಎಂಬುದು ನನಗೆ ಹೆಮ್ಮೆಯ ವಿಷಯ. ಆದರೆ ಗ್ರಂಥಾಲಯ ಕರ ಕಟ್ಟಿದ್ದೇನೆಂದು ನಾನು ಪುಸ್ತಕ ಕೊಳ್ಳುವುದನ್ನು ಬಿಟ್ಟಿಲ್ಲವಲ್ಲ. ಅದನ್ನೇ ಅವರಿಗೂ ಹೇಳಿದೆ.

“ರೈಲಿನಲ್ಲಿ ಭಿಕ್ಷೆ ಬೇಡುವುದಕ್ಕೇ ನಿಷೇಧವಿದೆ” ಎಂದರು. ಅದೂ ನಿಜ, 1989ರ ರೈಲ್ವೆ ಕಾಯ್ದೆಯ 144ನೇ ಸೆಕ್ಷನ್. 2021ರಲ್ಲಿ ಭಿಕ್ಷುಕರನ್ನು ರಸ್ತೆಗಳಿಂದ ತೆರವು ಮಾಡಿಸಬೇಕೆಂಬ ಅರ್ಜಿ ಬಂದಾಗ ಸುಪ್ರೀಂ ಕೋರ್ಟ್ ಹಾಗೆ ಆದೇಶಿಸಲು ಒಪ್ಪಲಿಲ್ಲ ಎಂಬುದನ್ನೂ ನೆನಪಿಸಿದೆ. ಇದು ಬಡತನದ ಪ್ರಶ್ನೆ, ಬೇರೆ ದಾರಿಯಿದ್ದರೆ ಯಾರೂ ಬೇಡಲಾರರು ಎಂಬ ಧಾಟಿಯಲ್ಲಿ ನ್ಯಾಯಾಲಯ ಮಾತಾಡಿತ್ತು. ಅವರು ಪೇಪರ್ ಬಿಡಿಸಿಕೊಂಡರು.

ಕೂಟಗಳೇ ಇಲ್ಲ ಎಂದು ನಾನು ವಾದಿಸುವುದಿಲ್ಲ. ಮಕ್ಕಳನ್ನು ಭಿಕ್ಷೆಗಾಗಿ ಅಪಹರಿಸುವುದು, ಅಂಗಹೀನ ಮಾಡುವುದು ನಡೆಯುತ್ತಿದ್ದುದರಿಂದಲೇ 1959ರಲ್ಲಿ ದಂಡ ಸಂಹಿತೆಗೆ 363-ಎ ಎಂಬ ಸೆಕ್ಷನ್ ಸೇರಿಸಬೇಕಾಯಿತು. ಅಂಗಹೀನ ಮಾಡಿದವನಿಗೆ ಜೀವಾವಧಿಯವರೆಗೂ ಶಿಕ್ಷೆಯಿದೆ. ಮಕ್ಕಳು ಕೈಯೊಡ್ಡಿದರೆ ನಾನು ದುಡ್ಡು ಕೊಡುವುದಿಲ್ಲ, ತಿನ್ನಲು ಕೊಡುತ್ತೇನೆ. ಮಗುವಿನ ಸ್ಥಿತಿ ಸರಿಯಿಲ್ಲವೆಂದು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುತ್ತೇನೆ. ಕಾದಂಬರಿ ಆ ಎಚ್ಚರ ಕಲಿಸಿದ್ದಕ್ಕೆ ಅದಕ್ಕೆ ಋಣಿ. ಆದರೆ ಬೆಳೆದ ಮನುಷ್ಯನೊಬ್ಬ ಎದುರು ನಿಂತು ಹಾಡುವಾಗ, ಮುಂಬೈಯ ಕಥೆಯೊಂದನ್ನು ಸಾಕ್ಷಿಯಾಗಿ ತಂದು ಅವನನ್ನು ಕಳ್ಳನ ಆಳು ಎನ್ನುವುದು ಅನ್ಯಾಯ. ಕಾದಂಬರಿಗೂ ಅದು ಅನ್ಯಾಯವೇ. ಅದು ಬರೆದದ್ದು ಆ ಹುಡುಗರ ಪರವಾಗಿ. ಓದಿದವರು ಅದನ್ನು ಜೇಬು ಮುಚ್ಚಿಕೊಳ್ಳಲು ಬಳಸಿಕೊಂಡರೆ ಬರೆದವರು ಏನು ಮಾಡಬೇಕು?

ಶ್ರೀರಂಗಪಟ್ಟಣ ಹತ್ತಿರವಾಗುತ್ತಿದ್ದಂತೆ ಹಾಡು ತಟ್ಟನೆ ನಿಂತಿತು. ರೈಲು ಕಾವೇರಿಯ ಸೇತುವೆ ಹತ್ತಿತು. ಊರು ದಾಟಿದ ಮೇಲೆ ಇನ್ನೊಂದು ಕವಲಿನ ಸೇತುವೆ. ಅಲ್ಲಿಯೂ ಹಾಡಿಲ್ಲ. ಇಷ್ಟು ಕಾಲ ಇದನ್ನು ನಾನು ಗಮನಿಸಿಯೇ ಇರಲಿಲ್ಲ.

ಮಂಡ್ಯದಲ್ಲಿ ಇಳಿದಾಗ ಅವರಿಬ್ಬರೂ ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಕುಳಿತಿದ್ದರು. ಮೈಸೂರಿನ ಕಡೆಗೆ ಹೋಗುವ ಗಾಡಿಗೆ ಇನ್ನೂ ಹೊತ್ತಿತ್ತು. ನನಗೂ ಕಚೇರಿಗೆ ಸ್ವಲ್ಪ ಸಮಯವಿತ್ತು. ಹಾಡು ನಿಲ್ಲಿಸಿದ್ದೇಕೆ ಎಂದು ಕೇಳಿದೆ.

“ಸೇತುವೆಯ ಸದ್ದಿಗೆ ಹಾಡು ಕೇಳಿಸುವುದಿಲ್ಲಮ್ಮ. ಜನವೂ ಹೊಳೆಗೆ ಕಾಸು ಹಾಕಲು ಕಿಟಕಿಯ ಕಡೆ ತಿರುಗಿರುತ್ತಾರೆ. ಆಗ ಉಸಿರು ಉಳಿಸಿಕೊಳ್ಳುತ್ತೇನೆ” ಎಂದರು.

ಮಾತಾಡುತ್ತಲೇ ಡಬ್ಬಿಯ ದುಡ್ಡನ್ನು ಪಂಚೆಯ ಮೇಲೆ ಸುರಿದುಕೊಂಡು ಎಣಿಸತೊಡಗಿದರು. ಹೆಂಡತಿಗೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಆದರೂ ದುಡಿಮೆಯನ್ನು ತಾವೇ ಎಣಿಸಬೇಕು. ಹೊಸ ಹತ್ತರ ನೋಟು, ಇಪ್ಪತ್ತರ ನೋಟು, ಎರಡರದ್ದೂ ಅಗಲ ಒಂದೇ. ಉದ್ದದಲ್ಲಿ ವ್ಯತ್ಯಾಸ 6 ಮಿಲಿಮೀಟರ್. ಎಡಗೈಯ ತೋರುಬೆರಳಿನ ಉದ್ದಕ್ಕೆ ನೋಟನ್ನು ಹಿಡಿದು, ತುದಿ ಎಲ್ಲಿಗೆ ಬರುತ್ತದೆಂದು ಹೆಬ್ಬೆರಳಿನಿಂದ ತಡವಿ ನೋಡುತ್ತಾರೆ. ಮೆತ್ತಗಾದ ಹಳೆಯ ನೋಟು ಮಡಚಿಕೊಂಡು ಮೋಸ ಮಾಡುತ್ತದೆ. ನಾಣ್ಯವೇ ವಾಸಿ. ಇಪ್ಪತ್ತರ ನಾಣ್ಯಕ್ಕೆ ಹನ್ನೆರಡು ಮೂಲೆ. ಹತ್ತರ ನಾಣ್ಯ ಎರಡು ಲೋಹದ್ದು, ನಡುವಿನ ಬಿಲ್ಲೆಯ ಅಂಚು ಉಗುರಿಗೆ ಸಿಗುತ್ತದೆ. ಅದನ್ನು ನನ್ನ ಉಗುರಿಗೂ ಮುಟ್ಟಿಸಿ ತೋರಿಸಿದರು. ಆದರೆ ಆ ಹತ್ತರ ನಾಣ್ಯವನ್ನೇ ಎಷ್ಟೋ ಅಂಗಡಿಯವರು ಮುಟ್ಟುವುದಿಲ್ಲ. ಹದಿನಾಲ್ಕು ವಿನ್ಯಾಸಗಳಲ್ಲಿರುವ ಹತ್ತರ ನಾಣ್ಯಗಳೆಲ್ಲವೂ ಚಲಾವಣೆಯವೇ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಸಾರಿದೆ. ಸಾರಿದರೂ ಕಿರಾಣಿ ಅಂಗಡಿಯಲ್ಲಿ “ಇದು ನಡೆಯುವುದಿಲ್ಲ, ನೋಟು ಕೊಡಿ” ಎನ್ನುತ್ತಾರೆ. ಕಣ್ಣಿಲ್ಲದವರ ಕೈಗೆ ತಿಳಿಯುವ ದುಡ್ಡನ್ನೇ ಆರಿಸಿ ತಿರಸ್ಕರಿಸಿದಂತಾಯಿತು. ಇದನ್ನು ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ.

ಚಿಕ್ಕಂದಿನಲ್ಲಿ ದಡಾರ ಬಂದು ದೃಷ್ಟಿ ಹೋಯಿತಂತೆ. ಮಾಸಾಶನ ಬರುತ್ತದೆ, ಮನೆ ಬಾಡಿಗೆಗೂ ಸಾಲುವುದಿಲ್ಲ. ರೈಲಿನಲ್ಲಿ ನಡೆದ ಮಾತುಕತೆ ಅವರ ಕಿವಿಗೂ ಬಿದ್ದಿತ್ತು. “ಆ ಪುಸ್ತಕದಲ್ಲಿ ಏನಿದೆಯಮ್ಮ?” ಎಂದು ಅವರೇ ಕೇಳಿದರು. ಹಿಂಜರಿಯುತ್ತಲೇ ಹೇಳಿದೆ. ಭಜನೆ ಕಲಿಸುವ ಜಾಗಕ್ಕೆ ಬಂದಾಗ ತಲೆಯಾಡಿಸಿದರು. ಕುರುಡು ಮಾಡುವ ಮಾತಿಗೆ ಹೆಂಡತಿ “ಶಿವಶಿವಾ” ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅವರು ಮಾತ್ರ ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು:

“ಲೆಕ್ಕ ಸರಿಹೋಗುವುದಿಲ್ಲಮ್ಮ. ಕಣ್ಣಿಲ್ಲದವನು ರೈಲು ಹತ್ತಬೇಕಾದರೆ ಕೈಹಿಡಿದು ನಡೆಸಲು ಇನ್ನೊಬ್ಬರು ಬೇಕೇ ಬೇಕು. ನನ್ನದು ಇಬ್ಬರು ಆಳಿನ ದುಡಿಮೆ, ಒಂದು ಡಬ್ಬಿ. ಇದರಲ್ಲಿ ಮೂರನೆಯವನಿಗೆ ಪಾಲು ಎಲ್ಲಿಂದ ತರುವುದು? ಮುಂಬೈಯಲ್ಲಿ ಹೇಗೋ, ನನಗೆ ಗೊತ್ತಿಲ್ಲ.”

ಆ ಪುಸ್ತಕದ ಬಗ್ಗೆ ನಾನು ಓದಿದ ಯಾವ ವಿಮರ್ಶೆಯಲ್ಲಿಯೂ ಈ ಮಾತು ಇರಲಿಲ್ಲ. ಹೀಗೆ ತಕರಾರು ತೆಗೆದವರೇ ಮರುಕ್ಷಣ, “ಕೊನೆಗೆ ಆ ಹುಡುಗರು ತಪ್ಪಿಸಿಕೊಂಡರೇ?” ಎಂದರು. ಮುಂದೇನಾಯಿತು ಎಂಬ ಹಸಿವು ಅವರಿಗೂ ನನ್ನಷ್ಟೇ ಇತ್ತು. ಇಬ್ಬರು ಹುಡುಗರು ತಪ್ಪಿಸಿಕೊಂಡರು ಎಂದೆ. ಅಷ್ಟರಲ್ಲಿ ಅವರ ಗಾಡಿಯ ಘೋಷಣೆಯಾಯಿತು. “ಉಳಿದದ್ದನ್ನು ಇನ್ನೊಮ್ಮೆ ಸಿಕ್ಕಾಗ ಹೇಳಬೇಕು” ಎಂದು ಎದ್ದರು.

ಹೇಳುತ್ತಿದ್ದೇನೆ. ಸಿಕ್ಕ ದಿನ, ಅದೇ ಬೆಂಚಿನ ಮೇಲೆ, ಗಾಡಿ ಬರುವಷ್ಟರಲ್ಲಿ ಆಗುವಷ್ಟು. ಹತ್ತು ರೂಪಾಯಿಯನ್ನು ನಾಣ್ಯವಾಗಿಯೇ ಕೊಡುತ್ತೇನೆ. ಮಂಡ್ಯ ನಿಲ್ದಾಣದ ಹೊರಗೆ ಅದನ್ನು ಸಂತೋಷವಾಗಿ ತೆಗೆದುಕೊಳ್ಳುವ ಟೀ ಅಂಗಡಿಯೊಂದನ್ನು ಹುಡುಕಿ ಅವರಿಗೆ ತೋರಿಸಿಯೂ ಆಗಿದೆ. ಕಥೆ ಈಗ ಆಗ್ರಾಕ್ಕೆ ಬಂದಿದೆ, ಹುಡುಗ ತಾಜ್ ಮಹಲಿನಲ್ಲಿ ಗೈಡ್ ಆಗಿದ್ದಾನೆ. ಪಾದ್ರಿಯೊಬ್ಬರು ಸಾಕಿ ಇಂಗ್ಲಿಷ್ ಕಲಿಸಿದ್ದರು ಎಂದು ಎಷ್ಟು ಹೇಳಿದರೂ, ಯಾರ ಶಿಫಾರಸೂ ಇಲ್ಲದೆ ಅಂಥ ಕೆಲಸ ಅಷ್ಟು ಸಲೀಸಾಗಿ ಹೇಗೆ ಸಿಕ್ಕಿತು ಎಂಬುದನ್ನು ಅವರ ಹೆಂಡತಿ ಇನ್ನೂ ಒಪ್ಪಿಲ್ಲ.