ಸ್ಕ್ರೀನ್ ನೋಡದೆ ಆ್ಯಪ್ ಬಳಸುವವರು

ಆ್ಯಪ್ ಡೆವಲಪರ್ ಆಗಬೇಕು ಅಂತ ಹೊರಟವರು ಮೊದಲು ಕೇಳುವುದು ಒಂದೇ: ಕಾಟ್ಲಿನ್ ಕಲಿಯಲಾ, ಫ್ಲಟರ್ ಕಲಿಯಲಾ? ನನ್ನ ತಲೆಯಲ್ಲೂ ಬಹಳ ಕಾಲ ಇದೇ ಲೆಕ್ಕಾಚಾರ ಓಡುತ್ತಿತ್ತು. 2017ರಲ್ಲಿ ಆಂಡ್ರಾಯ್ಡ್‌ಗೆ ಕಾಟ್ಲಿನ್ ಅಧಿಕೃತ ಪ್ರೋಗ್ರಾಮಿಂಗ್ ಭಾಷೆಯಾಗಿ ಬಂತು. 2018ರ ಕೊನೆಗೆ, ಒಂದೇ ಕೋಡಿನಿಂದ ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಆ್ಯಪ್ ಕಟ್ಟುವ ಫ್ಲಟರ್ 1.0 ಬಂತು, 2021ರಲ್ಲಿ ಆಂಡ್ರಾಯ್ಡ್ ಆ್ಯಪಿನ ಪುಟಗಳನ್ನು ಕಟ್ಟುವ ಜೆಟ್‌ಪ್ಯಾಕ್ ಕಂಪೋಸ್. ಇವನ್ನೆಲ್ಲ ಕಲಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಕೆಲಸದಲ್ಲೇ ಉಳಿಯಬೇಕು ಅಂತ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಟೆಸ್ಟಿಂಗ್‌ಗೆ ಬಂದ ಒಬ್ಬರ ಪಕ್ಕ ಕೂತ ದಿನ.

ಆಗ ನಾನು ಬಸ್ ಟಿಕೆಟ್ ಬುಕಿಂಗ್ ಆ್ಯಪ್ ಒಂದರ ಟೀಮಿಗೆ ಹೊಸದಾಗಿ ಸೇರಿದ್ದೆ. ಕಣ್ಣು ಕಾಣದವರೊಬ್ಬರನ್ನು ಟೆಸ್ಟಿಂಗ್‌ಗೆ ಕರೆಸಿದ್ದರು. ಅವರು ಹೇಳಿದ್ದನ್ನು ಬರೆದುಕೊಳ್ಳುವ ಕೆಲಸ ನನ್ನದು.

ಅವರ ಫೋನಿನ ಸ್ಕ್ರೀನ್ ಪೂರ್ತಿ ಕಪ್ಪು. ಸ್ಕ್ರೀನಿನಲ್ಲಿ ಇರುವುದನ್ನು ಓದಿ ಹೇಳುವ ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್‌ನಲ್ಲಿ ಸ್ಕ್ರೀನ್ ಮರೆಮಾಡುವ ಸೌಲಭ್ಯವಿದೆ. ನೋಡದವರಿಗೆ ಬೆಳಕು ಯಾಕೆ, ಅಲ್ವಾ? ಫೋನ್ ಮಾತಾಡುವ ವೇಗಕ್ಕೆ ನನಗೆ ಒಂದು ಪದವೂ ಹಿಡಿಯಲಿಲ್ಲ. ಬಲಕ್ಕೆ ಸ್ವೈಪ್ ಮಾಡಿದರೆ ಮುಂದಿನದಕ್ಕೆ ಹೋಗುತ್ತದೆ, ಎರಡು ಸಲ ತಟ್ಟಿದರೆ ಒತ್ತಿದ ಹಾಗೆ. ಊರು, ದಿನಾಂಕ, ಬಸ್ಸು ಎಲ್ಲವನ್ನೂ ಪಟಪಟನೆ ಆರಿಸಿದರು.

ಆಮೇಲೆ ಸೀಟ್ ಆರಿಸುವ ಪುಟ ಬಂತು. ನನ್ನ ಫೋನಿನಲ್ಲೂ ಅದೇ ಪುಟ ತೆರೆದಿಟ್ಟುಕೊಂಡಿದ್ದೆ. ಸಾಲು ಸಾಲು ಸೀಟು, ಖಾಲಿ ಇದ್ದವು ಹಸಿರು, ತುಂಬಿದವು ಬೂದು. ಅವರ ಫೋನ್ ಮಾತ್ರ ಪುಟದ ಹೆಸರು ಹೇಳಿ ಸೀದಾ “ಮುಂದುವರಿಯಿರಿ, ಬಟನ್” ಅಂದಿತು. ಹಿಂದಕ್ಕೆ ಸ್ವೈಪ್ ಮಾಡಿದರು. ಬೆರಳಿಟ್ಟು ಇಡೀ ಸ್ಕ್ರೀನ್ ಸವರಿದರು. ಸದ್ದೇ ಇಲ್ಲ.

“ಇಲ್ಲಿ ಏನೂ ಇಲ್ಲವಲ್ಲ. ನೆಟ್ ಹೋಯ್ತಾ?” ಅಂತ ಕೇಳಿದರು.

ನನಗೆ ತುಂಬಾ ಬೇಸರವಾಯಿತು. ಇಡೀ ಸೀಟ್ ನಕ್ಷೆಯನ್ನು ಕ್ಯಾನ್ವಾಸ್ ಮೇಲೆ, ಅಂದರೆ ಒಂದೇ ಚಿತ್ರದ ಹಾಗೆ, ಬಿಡಿಸಲಾಗಿತ್ತು. ನಮ್ಮ ಕಣ್ಣಿಗೆ ಬಸ್ಸಿನ ತುಂಬ ಸೀಟು, ಆಂಡ್ರಾಯ್ಡ್‌ಗೆ ಒಂದೇ ಒಂದು ವ್ಯೂ (ಪುಟದ ಒಂದು ಭಾಗ), ಅದಕ್ಕೂ ಹೆಸರಿಲ್ಲ. ಬೆರಳು ಬಿದ್ದ ಜಾಗದಿಂದ ಯಾವ ಸೀಟು ಅಂತ ಲೆಕ್ಕ ಹಾಕುವ ಕೋಡ್ ಅಚ್ಚುಕಟ್ಟಾಗೇ ಇತ್ತು. ಆದರೆ ಅದು ಕಣ್ಣಿದ್ದವರಿಗೆ ಮಾತ್ರ ಕೆಲಸ ಮಾಡುತ್ತಿತ್ತು.

ಇದಕ್ಕೆ ದಾರಿ ಇದೆ. ಎಕ್ಸ್‌ಪ್ಲೋರ್‌ಬೈಟಚ್‌ಹೆಲ್ಪರ್ ಅನ್ನುವ ಆಂಡ್ರಾಯ್ಡ್‌ನ ಸಿದ್ಧ ಕೋಡ್ (ಕ್ಲಾಸ್) ಬಳಸಿ ಒಂದೇ ವ್ಯೂ ಒಳಗಿನ ಒಂದೊಂದು ಸೀಟಿಗೂ ಗಡಿ, ಹೆಸರು, ಸ್ಥಿತಿ ಕೊಡಬಹುದು. ಈ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ. ಕೋಡಿಗಿಂತ ಜಾಸ್ತಿ ಹೊತ್ತು ಹಿಡಿದದ್ದು ಫೋನ್ ಆಡುವ ಮಾತು. “ಸೀಟ್ 14, ಕಿಟಕಿ ಪಕ್ಕ, ಖಾಲಿ” ಅಂತ ಬರೆದು ಅವರಿಗೆ ಕೇಳಿಸಿದೆ.

“ಉಲ್ಟಾ ಮಾಡಿ. ಖಾಲಿನೋ ತುಂಬಿದೆಯೋ ಅನ್ನೋದು ಮೊದಲು ಬರಲಿ. ತುಂಬಿದ್ರೆ ನಾನು ಅಲ್ಲೇ ದಾಟಿಬಿಡ್ತೀನಿ. ನಂಬರ್ ಕೊನೆಗೆ ಸಾಕು.”

ಕಣ್ಣಿಗೆ ಎಲ್ಲ ಸೀಟೂ ಒಟ್ಟಿಗೆ ಕಾಣುತ್ತವೆ. ಕಿವಿಗೆ ಒಂದಾದ ಮೇಲೆ ಒಂದು ಬರಬೇಕು. ಹಾಗಾಗಿ ಪದಗಳ ಸಾಲೂ ವಿನ್ಯಾಸವೇ. ಇದನ್ನು ಯಾವ ಕೋರ್ಸಿನಲ್ಲೂ ನನಗೆ ಯಾರೂ ಹೇಳಿರಲಿಲ್ಲ. ಈಗ ಕಂಪೋಸ್‌ನಲ್ಲಿ ಐಕಾನ್ ಹಾಕುವಾಗ, ಫೋನ್ ಓದಿ ಹೇಳುವ ವಿವರಣೆಯ ಜಾಗವನ್ನು ಬಿಟ್ಟರೆ ಕೋಡ್ ಕಂಪೈಲೇ ಆಗುವುದಿಲ್ಲ, ಅಂದರೆ ಆ್ಯಪ್ ತಯಾರಾಗುವುದೇ ಇಲ್ಲ. ಸುಮ್ನೆ ಅಲಂಕಾರದ ಚಿತ್ರವಾದರೆ ಅಲ್ಲಿ ನಲ್ (ಏನೂ ಇಲ್ಲ ಅಂತ) ಕೊಡಬಹುದು, ಸರಿ. ಒತ್ತುವ ಬಟನ್ನಿಗೂ ನಲ್ ಕೊಟ್ಟು ದಾಟುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಮುಂದಿನ ಸಲ ಬಂದಾಗ ಅವರು ಕಿಟಕಿ ಪಕ್ಕದ ಸೀಟನ್ನು ತಾವೇ ಆರಿಸಿಕೊಂಡರು. ಖುಷಿಪಡುವಷ್ಟರಲ್ಲಿ ಹಣ ಕಟ್ಟುವ ಪುಟ ಬಂತು. ಸೀಟ್ ಹಿಡಿದಿಟ್ಟ ಸಮಯ ಇನ್ನೆಷ್ಟು ಉಳಿದಿದೆ ಅಂತ ಫೋನ್ ಪ್ರತಿ ಸೆಕೆಂಡೂ ಓದತೊಡಗಿತು. ಅದರ ಮಧ್ಯೆ ಕಾರ್ಡ್ ನಂಬರಿನ ಯಾವ ಅಂಕಿ ಒತ್ತುತ್ತಿದ್ದೇನೆ ಅಂತ ಅವರಿಗೆ ಕೇಳಿಸುತ್ತಲೇ ಇರಲಿಲ್ಲ. ಆ ಬಗ್ ಕೂಡ ನನ್ನ ಹೆಸರಿಗೇ ಹಾಕಿ ಅಂತ ಟೀಮ್ ಲೀಡ್‌ಗೆ ಹೇಳಿದೆ.